ನಾಲ್ಕನೇ ಮಾತು ಮತ್ತು ಕ್ರೇನಿನ ಶರಣಪ್ಪ

ಆರು ವರ್ಷದ ಹಿಂದಿನ ಜುಲೈ ಒಂಬತ್ತು, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಐವತ್ತು ನಿಮಿಷ. ಸಿಕಂದರಾಬಾದಿನ ಹತ್ತಿರ, ಸನತ್‌ನಗರದ ಒಂದು ಎರಕದ ಕಾರ್ಖಾನೆಯಲ್ಲಿ, ಹಾಜರಿ ನೋಡುವ ಟೈಮ್ ಆಫೀಸಿನ ಪಕ್ಕದ ಸಣ್ಣ ಕೋಣೆಗೆ ಶರಣಪ್ಪ ಎಂಬ ಕ್ರೇನ್ ಆಪರೇಟರ್ ಬಂದು ಕೂತರು. ಅವರ ಪಾಳಿ ಶುರುವಾಗುವುದು ಮಧ್ಯಾಹ್ನ ಎರಡಕ್ಕೆ. ನಡುವಿನ ಮೂರು ತಾಸಿನಲ್ಲಿ ನಡೆದದ್ದನ್ನು ಬರೆಯಲೆಂದೇ ಕೂತಿದ್ದೇನೆ. ಆದರೆ ಆ ಕೋಣೆಯಲ್ಲಿ ನನಗೇನು ಕೆಲಸ ಎಂಬುದನ್ನು ಮೊದಲು ಹೇಳಬೇಕು.

ನಾನು ಆರು ವರ್ಷ ನೌಕರರ ಆಪ್ತಸಮಾಲೋಚಕಿಯಾಗಿದ್ದೆ. ಹೋದ ತಿಂಗಳು ಬಿಟ್ಟೆ. ಇನ್ನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೂವತ್ತೊಂದನೆಯ ವಯಸ್ಸಿಗೆ ವೃತ್ತಿಯ ಅನುಭವ ಬರೆಯಲು ಕೂತಿದ್ದಕ್ಕೆ, ಸರ್ಕಾರಿ ನೌಕರಿ ಮುಗಿಸಿದ ನಮ್ಮಪ್ಪ, "ಪೆನ್ಶನ್ ಯಾವಾಗಿಂದ ಬರ್ತದವಾ?" ಎಂದು ನಗುತ್ತಾರೆ. ನಗಲಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ತರಬೇತಿಯಲ್ಲಿ ಯಾರೂ ಹೇಳದ ಒಂದು ಸಂಗತಿ ನನ್ನ ಹತ್ತಿರ ಇದೆ. ಅದು ಮರೆಯುವ ಮೊದಲು ಈ ಪುಸ್ತಕದಲ್ಲಿ ಬರೆದಿಡಬೇಕು.

ಕೆಲಸ ಇಷ್ಟು. ಕಂಪನಿಗಳು ತಮ್ಮ ನೌಕರರಿಗಾಗಿ ನಮ್ಮಂಥ ಹೊರಗಿನ ಸಂಸ್ಥೆಯನ್ನು ಗೊತ್ತುಮಾಡಿಕೊಳ್ಳುತ್ತವೆ. ನಿದ್ದೆ ಬಾರದವರು, ಮನೆಯಲ್ಲಿ ಜಗಳವಿರುವವರು, ಮೇಲಿನವರ ಕಾಟಕ್ಕೆ ಬೇಸತ್ತವರು ನಮ್ಮ ಹತ್ತಿರ ಬಂದು ಮಾತಾಡಬಹುದು. ಒಬ್ಬರಿಗೆ ಆರು ಭೇಟಿ. ಎಷ್ಟು ಜನ ಬಂದರು ಎಂಬ ಸಂಖ್ಯೆ ಮಾತ್ರ ಕಂಪನಿಗೆ ಹೋಗುತ್ತದೆ. ಯಾರು ಬಂದರು, ಏನು ಹೇಳಿದರು ಎಂಬುದು ಹೋಗುವುದಿಲ್ಲ.

ತರಬೇತಿ ನಡೆದದ್ದು ಹಿಮಾಯತ್‌ನಗರದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ. ನಾವು ಆರು ಜನ ಇದ್ದೆವು. ಕಲಿಸಿದವರು ಕುಲಕರ್ಣಿ ಸರ್. ಮೂವತ್ತು ವರ್ಷ ಬೇರೆ ಬೇರೆ ಕಾರ್ಖಾನೆಗಳಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿಯಾಗಿದ್ದು ಆಮೇಲೆ ಈ ಕಡೆ ಬಂದವರು. ಅವರ ಅಜ್ಜ ವಿಜಯಪುರದಿಂದ ಇಲ್ಲಿಗೆ ಬಂದು ನೆಲೆನಿಂತವರಂತೆ. ತರಗತಿಯಲ್ಲಿ ತೆಲುಗು, ಹಿಂದಿ, ಇಂಗ್ಲಿಷು. ಚಹಾದ ಹೊತ್ತಿನಲ್ಲಿ ನನ್ನೊಬ್ಬಳ ಜೊತೆ ಕನ್ನಡ.

ಮೊದಲ ಸಲ ನಾಟಕದಂತೆ ಮಾಡಿ ತೋರಿಸುವ ಅಭ್ಯಾಸದಲ್ಲಿ, ಹೆಂಡತಿ ತವರಿಗೆ ಹೋಗಿ ಕೂತಿರುವ ಗುಮಾಸ್ತನ ಪಾತ್ರವನ್ನು ಒಬ್ಬ ಸಹಪಾಠಿ ಮಾಡಿದ. ನಾಲ್ಕು ನಿಮಿಷದಲ್ಲಿ ನಾನು ಅವನಿಗೆ ಮೂರು ಪರಿಹಾರ ಕೊಟ್ಟೆ. ಸರ್ ಕೈ ಎತ್ತಿ ನಿಲ್ಲಿಸಿದರು.

"ಏ ತಂಗಿ, ನೀ ಅವನ ಡಾಕ್ಟರೂ ಅಲ್ಲ, ಅತ್ತಿನೂ ಅಲ್ಲ. ಸುಮ್ಮ ಕೂತು ಕೇಳು."

ಅಂದಿನಿಂದ ನಾನು ಒಂದು ಮಾತುಕತೆಯಲ್ಲಿ ಎಷ್ಟು ಪ್ರಶ್ನೆ ಕೇಳಿದೆ, ಎಷ್ಟು ಸಲ ನಡುವೆ ಬಾಯಿ ಹಾಕಿದೆ ಎಂದು ಗೆರೆ ಎಳೆದು ಎಣಿಸತೊಡಗಿದೆ. ಸರ್ ನನಗೆ ಪಟವಾರಿ, ಅಂದರೆ ಊರ ಲೆಕ್ಕ ಬರೆಯುವವರು, ಎಂದು ಹೆಸರಿಟ್ಟರು. "ಏನ್ ಪಟವಾರಿ, ಇವತ್ತಿನ ಲೆಕ್ಕ ಎಷ್ಟು?" ಎನ್ನುವುದು ಸಂಜೆಯ ವಾಡಿಕೆಯಾಯಿತು.

ಮೊದಲ ತಿಂಗಳು ಪೂರ್ತಿ ಕಲಿತದ್ದು ಆರಂಭದ ನಾಲ್ಕು ಮಾತುಗಳನ್ನು. ಬಂದವರು ಬಾಯಿ ತೆರೆಯುವ ಮೊದಲು ಇವನ್ನು ಹೇಳಲೇಬೇಕು. ಒಂದು: ಇದಕ್ಕೆ ನೀವು ಏನೂ ಕೊಡಬೇಕಿಲ್ಲ. ಎರಡು: ಇಷ್ಟವಿದ್ದರೆ ಕೂರಿ, ಇಲ್ಲದಿದ್ದರೆ ಯಾವಾಗ ಬೇಕಾದರೂ ಎದ್ದು ಹೋಗಿ. ಮೂರು: ಇಲ್ಲಿ ಹೇಳಿದ್ದು ಯಾರಿಗೂ ಹೋಗುವುದಿಲ್ಲ. ನಾಲ್ಕು: ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಂಡರೆ ಮಾತ್ರ ನಾನು ಹೇಳಬೇಕಾಗುತ್ತದೆ. ಈ ನಾಲ್ಕನ್ನು ಮೂರು ಭಾಷೆಗಳಲ್ಲಿ ಬಾಯಿಪಾಠ ಮಾಡಿದೆವು. ಕನ್ನಡದಲ್ಲಿ ಮಾಡಲಿಲ್ಲ. ಸಂಸ್ಥೆ ಸೇವೆ ಕೊಡುವುದಾಗಿ ಹೇಳಿಕೊಂಡಿದ್ದು ಮೂರೇ ಭಾಷೆಗಳಲ್ಲಿ. ಕನ್ನಡ ನನಗೂ ಸರ್‌ಗೂ ಮನೆಯ ಮಾತಾಗಿತ್ತು, ಕೆಲಸದ ಮಾತಾಗಿರಲಿಲ್ಲ.

ಎರಡನೇ ತಿಂಗಳಿಂದ ಸರ್ ಜೊತೆ ಸನತ್‌ನಗರದ ಆ ಕಾರ್ಖಾನೆಗೆ ವಾರಕ್ಕೆ ಎರಡು ದಿನ ಹೋಗತೊಡಗಿದೆ. ಅಲ್ಲಿನ ಪದ್ಧತಿ ಹೀಗಿತ್ತು: ನಮ್ಮನ್ನು ಕಾಣಬೇಕೆನ್ನುವವರು ಟೈಮ್ ಆಫೀಸಿನಲ್ಲಿ ಚೀಟಿ ಪಡೆಯಬೇಕು. ಚೀಟಿ ಕೊಡುವ ಗುಮಾಸ್ತ ಇಡೀ ಶೆಡ್ಡಿಗೆ ಕೇಳುವಂತೆ, "ದಿಮಾಗ್ ರಿಪೇರಿ ಕೇ ಲಿಯೇ ಕೌನ್ ಜಾರಾ ಭಾಯ್?" ಎಂದು ಕೂಗುತ್ತಿದ್ದ. ತಲೆ ರಿಪೇರಿಗೆ ಯಾರು ಹೊರಟಿರಪ್ಪಾ ಎಂದು. ಐದು ವಾರದಲ್ಲಿ ಬಂದವರು ಮೂವರು. ಅವರಲ್ಲಿ ಒಬ್ಬರು ಭವಿಷ್ಯನಿಧಿಯ ಅರ್ಜಿ ಹಿಡಿದುಕೊಂಡು ತಪ್ಪು ಕೋಣೆಗೆ ಬಂದಿದ್ದರು.

ಸರ್ ಪದ್ಧತಿ ಬದಲಿಸಿದರು. ಯಾರೂ ಚೀಟಿ ಕೇಳುವುದು ಬೇಡ, ಪ್ರತಿ ನೌಕರನಿಗಿರುವ ಟೋಕನ್ ಸಂಖ್ಯೆಯ ಸಾಲಿನಲ್ಲಿ ಎಲ್ಲರೂ ಹದಿನೈದು ನಿಮಿಷ ಬರಲಿ. ಹೇಳುವುದೇನೂ ಇಲ್ಲದವರು ಚಹಾ ಕುಡಿದು ಹೋಗಲಿ. ಏನೋ ಇರುವವರು ಏನೂ ಇಲ್ಲದವರ ನಡುವೆ ಕಾಣದಂತಾಗುತ್ತಾರೆ. ಕಾರ್ಖಾನೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥ ರಮಣಮೂರ್ತಿಯವರು ಕೆಲಸದ ಹೊತ್ತು ಹಾಳಾಗುತ್ತದೆಂದು ತಕರಾರು ಮಾಡಿ, ಕೊನೆಗೆ ಎರಡನೇ ಪಾಳಿಯವರು ಪಾಳಿಗೆ ಮೊದಲೇ ಬರುವುದಾದರೆ ಆಗಲಿ ಎಂದರು. ಹಾಗಾಗಿ ಆ ಮಂಗಳವಾರ ಶರಣಪ್ಪನವರು ತಮ್ಮ ಸಂಖ್ಯೆ ಬಂದಾಗ ಬಂದರು. ತಾವಾಗಿ ಬಂದವರಲ್ಲ.

ನಾನು ಮೂಲೆಯಲ್ಲಿ ಕೂತಿದ್ದೆ. ನನ್ನದು ವೀಕ್ಷಕಿಯ ಕೆಲಸ: ಸರ್ ನಾಲ್ಕೂ ಮಾತು ಹೇಳಿದರೇ ಎಂದು ಗುರುತು ಹಾಕುವುದು, ಪ್ರಶ್ನೆಗಳನ್ನು ಎಣಿಸುವುದು. ವೀಕ್ಷಕರು ಬಾಯಿ ತೆರೆಯಬಾರದೆಂಬುದು ನಿಯಮ.

ಸರ್ ಹಿಂದಿಯಲ್ಲಿ ಬರಮಾಡಿಕೊಂಡರು. ಶರಣಪ್ಪನವರ ಎರಡು ಮಾತಿಗೇ ಸರ್ ಕಿವಿ ನಿಮಿರಿತು.

"ಯಾವೂರಪಾ?"

"ಸೇಡಂ ಕಡೆಯವ್ರಿ."

"ಅರೆ! ಮೊದಲ ಹೇಳಬಾರದ? ಇಷ್ಟೊತ್ತು ಇಬ್ಬರೂ ಹಿಂದಿ ಕೂಡ ಕುಸ್ತಿ ಹಿಡಿಯಾಕತ್ತೇವಲ್ಲ."

ಶರಣಪ್ಪ ನಕ್ಕರು. ಬಿಗಿಹಿಡಿದಿದ್ದ ಭುಜ ಸಡಿಲಾಯಿತು. ಐವತ್ತರ ಹತ್ತಿರದ ಗಟ್ಟಿ ಆಳು. ಊರು ಬಿಟ್ಟು ಬಂದು ಕಟ್ಟಡದ ಕೆಲಸ ಮಾಡಿ, ಈ ಕಾರ್ಖಾನೆಗೆ ಹೆಲ್ಪರ್ ಆಗಿ ಸೇರಿ, ಹನ್ನೆರಡು ವರ್ಷದಿಂದ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂರುವವರು. ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್ ಎಂಬ ದೊಡ್ಡ ತೊಟ್ಟಿಯನ್ನು ಒಲೆಯಿಂದ ಅಚ್ಚುಗಳವರೆಗೆ ಶೆಡ್ಡಿನ ಮೇಲಿನಿಂದ ಒಯ್ಯುವುದು ಅವರ ಕೆಲಸ.

ಸರ್ ಹೇಳಿದರು: "ನೋಡಪಾ, ಇಲ್ಲಿ ಪೈಸೆ ಕೊಡೂದಿಲ್ಲ. ಮನಸಿಲ್ಲಂದ್ರ ಚಾ ಕುಡದು ಎದ್ದು ಹೋಗು. ಇಲ್ಲಿ ಆಡಿದ ಮಾತು ಇಲ್ಲೇ ಇರ್ತದ. ನನ್ನ ಹೇಣ್ತಿಗೂ ಹೇಳೂದಿಲ್ಲ."

ಮೂರು ಗುರುತು ಹಾಕಿದೆ. ನಾಲ್ಕನೆಯದಕ್ಕೆ ಪೆನ್ನು ಹಿಡಿದು ಕಾದೆ. ಸರ್ ಚಹಾದ ಲೋಟ ಮುಂದೆ ಸರಿಸಿ, ಊರಿನ ಸುದ್ದಿ ಕೇಳತೊಡಗಿದರು. ನಾನು ಕೆಮ್ಮಿದೆ. "ಮರಳಿನ ಧೂಳು ನೋಡು, ನೀರು ಕುಡಿ" ಎಂದರು ಸರ್, ನನ್ನ ಕಡೆ ತಿರುಗದೆ.

ಅಷ್ಟರಲ್ಲಿ ಶರಣಪ್ಪ ಮಾತು ಶುರುಮಾಡಿಬಿಟ್ಟರು.

"ಸಾಹೇಬ್ರ, ನಂದೊಂದು ಐತ್ರಿ. ಹೇಳಬೇಕೋ ಬ್ಯಾಡೋ ಅಂತ ಒಂದು ತಿಂಗಳಾತು. ಮ್ಯಾಲೆ ಕುಂತಾಗ ಒಮ್ಮೊಮ್ಮೆ ಎಲ್ಲಾ ಬಂದ್ ಆಗ್ತೈತಿ."

"ಬಂದ್ ಅಂದ್ರ?"

"ಕರೆಂಟ್ ಹ್ವಾದಂಗ. ಕಣ್ಣು ತೆರದೇ ಇರ್ತಾವ್ರಿ. ಆದ್ರ ನನಗ ಏನೂ ಗೊತ್ತಿರೂದಿಲ್ಲ."

"ಎಷ್ಟೊತ್ತು?"

"ಅದು ನನಗೆಂಗ ಗೊತ್ತಾಗಬೇಕ್ರಿ? ನಾನ ಇರೂದಿಲ್ಲಲ್ಲ ಅಲ್ಲಿ."

ಸರ್ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಇಳಿಯಿತು.

"ಹೋದ ಶುಕ್ರವಾರ ಲ್ಯಾಡಲ್ ಎತ್ತಿದ್ದು ನೆನಪೈತಿ. ಆಮ್ಯಾಲೆ ನೋಡ್ತೀನಿ, ಹುಕ್ಕು ಎರಡನೇ ಕಂಬ ದಾಟೇತಿ. ನಾ ದಾಟಿಸಿದ್ದು ನನಗ ಗೊತ್ತಿಲ್ಲ. ಕೆಳಗ ಯಾದಯ್ಯ ಸೀಟಿ ಊದಿ ಊದಿ ಸಾಕಾಗಿದ್ದ." ಯಾದಯ್ಯ ಎಂದರೆ ನೆಲದ ಮೇಲೆ ನಿಂತು ಕೈಸನ್ನೆಯಿಂದಲೂ ಸೀಟಿಯಿಂದಲೂ ಕ್ರೇನಿಗೆ ದಾರಿ ತೋರಿಸುವ ಜೊತೆಗಾರ. "ಅವಗ ಡೌಟ್ ಬಂದೈತಿ. ಹುಕ್ಕಿನ ಕೆಳಗ ನಿಂದರೂದು ಬಿಟ್ಟಾನ. ಯಾರ ಮುಂದೂ ಹೇಳಿಲ್ಲ, ದೋಸ್ತ ಅಂತ."

"ಉಳಿದವರು? ಅವರು ಕೆಳಗ ನಿಲ್ಲೂದಿಲ್ಲೇನು?"

"ನಿಂದರ್ತಾರ್ರಿ. ಅವ್ರಿಗೆ ಗೊತ್ತಿಲ್ಲಲ್ಲ."

"ಡಾಕ್ಟರಿಗೆ ತೋರಿಸಿದಿ?"

"ತೋರಿಸಿದ್ರ ಬರದು ಕೊಡ್ತಾರ. ಬರದು ಕೊಟ್ರ ಕೆಳಗ ಇಳಸ್ತಾರ. ಒಮ್ಮೆ ಕೆಳಗ ಇಳಸಿದ್ರ ಮತ್ತ ಹತ್ತಸೂದಿಲ್ರಿ. ಹೆಲ್ಪರ್ ಆಗಿ ಬಂದಂವ, ಹೆಲ್ಪರ್ ಆಗೇ ಹೋಗಬೇಕು."

ಸರ್ ನನ್ನ ಕಡೆ ನೋಡಿದರು. ಮೂರು ಗುರುತಿನ ಮುಂದೆ ಖಾಲಿ ಬಿಟ್ಟಿದ್ದ ಜಾಗ ಅವರಿಗೆ ಕಂಡಿತು. ಆ ಗಳಿಗೆಯಲ್ಲಿ ಅವರ ಮುಖ ಹೇಗಾಯಿತೆಂದರೆ, ನಾನು ಕಾಗದವನ್ನು ಮಗುಚಿ ಹಾಕಿದೆ.

"ಶರಣಪ್ಪ, ಇವತ್ತ ಹತ್ತಬ್ಯಾಡ."

"ಇವತ್ತ ದೊಡ್ಡ ಎರಕ ಐತ್ರಿ. ಇನ್ನೊಬ್ಬ ಆಪರೇಟರ್ ಊರಿಗೆ ಹೋಗ್ಯಾನ. ನಾ ಇಲ್ಲಂದ್ರ ಕೆಲಸ ನಿಂದರ್ತೈತಿ, ಯಾಕಂತ ಕೇಳ್ತಾರ." ಅವರು ಎದ್ದರು. ಬಾಗಿಲ ಹತ್ತಿರ ನಿಂತು ಹೇಳಿದರು: "ನೀವು ಯಾರಿಗೂ ಹೇಳೂದಿಲ್ಲ ಅಂದ್ರಿ, ಅದಕ್ಕ ಹೇಳೀನಿ. ಹೇಳಿದ ಮ್ಯಾಲೆ ಹಗುರ ಆತ್ರಿ ಸಾಹೇಬ್ರ."

ಆಗ ಹನ್ನೊಂದೂ ಕಾಲು. ಮುಂದಿನ ಸಂಖ್ಯೆಯವರನ್ನು ಒಳಗೆ ಕರೆಯಲಿಲ್ಲ. ಸರ್ ಬಾಗಿಲು ಹಾಕಿಕೊಂಡರು.

"ನಾಲ್ಕನೇದು ಹೇಳಲಿಲ್ಲ, ಸರ್."

"ಗೊತ್ತದವಾ." ಎರಡೂ ಕೈಯಿಂದ ಮುಖ ಒರೆಸಿಕೊಂಡರು. "ತೆಲುಗಿನ್ಯಾಗ ನಿದ್ದಿಗಣ್ಣಾಗೂ ಹೇಳ್ತೀನಿ. ಹಿಂದಿಯೊಳಗೂ ಹೇಳ್ತೀನಿ. ನಮ್ಮ ಭಾಷಾದಾಗ ಹೇಳಿ ರೂಢಿ ಇಲ್ಲ. ಮನೀ ಮಂದಿ ಕೂಡ ಮಾತಾಡಿದಂಗ ಮಾತಾಡಿಬಿಟ್ಟೆ. ಮನೀ ಮಂದಿಗೆ ಯಾರು ಶರತ್ತು ಹಾಕ್ತಾರ?"

ಹಿಮಾಯತ್‌ನಗರದ ಕಚೇರಿಗೆ ಫೋನು ಮಾಡಿದರು. ಆ ಕಡೆಯಿಂದ ಬಂದ ಉತ್ತರ ಚುಟುಕಾಗಿತ್ತು: ಜೀವಕ್ಕೆ ಅಪಾಯವಿದೆ, ನಿಯಮ ಸ್ಪಷ್ಟವಿದೆ, ಕಾರ್ಖಾನೆಗೆ ತಿಳಿಸಿ.

"ನಿಯಮ ಸ್ಪಷ್ಟ ಅದ" ಎಂದರು ಸರ್ ಫೋನು ಇಟ್ಟು. "ಆದರ ಆ ನಿಯಮ ಅವಗ ಗೊತ್ತಿಲ್ಲ. ಅವನ ಬೆನ್ನ ಹಿಂದ ಹೋಗಿ ಹೇಳಿದರ ಈ ಶೆಡ್ಡಿನ್ಯಾಗ ಇನ್ನ ಮ್ಯಾಲೆ ಯಾರೂ ಬಾಯಿ ಬಿಡೂದಿಲ್ಲ. ಹೇಳದಿದ್ದರ ಯಾರರೆ ಒಬ್ಬ ಸಾಯ್ತಾನ."

"ಎರಡು ಗಂಟೆಯೊಳಗೆ ಅವರನ್ನೇ ಕೇಳೋಣ, ಸರ್. ಬಿಟ್ಟ ಮಾತನ್ನು ಅವರ ಮುಂದೇ ಹೇಳೋಣ."

"ಹೇಳಿದರ ಹೊಡದಾನು."

"ಹೊಡೆಯಲಿ."

ಕ್ಯಾಂಟೀನಿನಲ್ಲಿ ಅವರಿರಲಿಲ್ಲ. ಸೈಕಲ್ ಸ್ಟ್ಯಾಂಡಿನಲ್ಲೂ ಇರಲಿಲ್ಲ. ಗೇಟಿನ ಹೊರಗೆ ಚಹಾ ಅಂಗಡಿಯ ಬೆಂಚಿನ ಮೇಲೆ ಯಾದಯ್ಯನ ಜೊತೆ ಕೂತದ್ದು ಕಂಡಾಗ ಹನ್ನೆರಡೂವರೆ. ಸರ್ ಅವರನ್ನು ಗೋಡೆಯ ಪಕ್ಕಕ್ಕೆ ಕರೆದರು. ನಾನೂ ಹೋಗಿ ನಿಂತೆ.

"ಶರಣಪ್ಪ, ನಾ ನಾಲ್ಕು ಮಾತು ಹೇಳಬೇಕಾಗಿತ್ತು, ಮೂರ ಹೇಳೀನಿ" ಎಂದು ಶುರುಮಾಡಿ ಸರ್ ನಾಲ್ಕನೆಯದನ್ನು ಹೇಳಿದರು. ತಡವರಿಸುತ್ತ, ಹಿಂದಿಯಿಂದ ಕನ್ನಡಕ್ಕೆ ಅಲ್ಲೇ ನಿಂತು ತಿರುಗಿಸಿಕೊಳ್ಳುತ್ತ ಹೇಳಿದರು.

ಶರಣಪ್ಪ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ಅಕ್ಕಾರ, ನೀವೂ ಅಲ್ಲೇ ಕುಂತಿದ್ರಿ. ನಿಮಗೂ ಗೊತ್ತಿತ್ತು?"

"ಗೊತ್ತಿತ್ತು."

"ಮೊದಲ ಹೇಳಿದ್ರ ನಾ ಬಾಯಿ ಬಿಡ್ತಿದ್ದಿಲ್ಲ. ಇದು ಮೋಸ ಅಲ್ಲೇನ್ರಿ ಸಾಹೇಬ್ರ? ನಮ್ಮೂರ ಮಾತು ಆಡಿ ಮೋಸ ಮಾಡಿದ್ರಿ."

"ಹೌದಪಾ. ಮೋಸ ಮಾಡಿದಂಗ ಆಗೇದ. ನಾ ಬ್ಯಾರೆ ಮಾತು ಹೇಳೂದಿಲ್ಲ."

ಸರ್ ವಾದಿಸುತ್ತಾರೆಂದು ಅವರು ತಿಳಿದಿದ್ದರೇನೋ. ಹಾಗಾಗದಿದ್ದಾಗ ಏನು ಮಾಡಬೇಕೆಂದು ತೋಚದೆ ನಿಂತರು. ಸರ್ ಮುಂದುವರಿಸಿದರು: "ನೀನೂ ಬಾ. ನಿನ್ನ ಮುಂದ ರಮಣಮೂರ್ತಿಯವರಿಗೆ ಒಂದ ಮಾತು ಹೇಳ್ತೀನಿ. ಇವತ್ತ ಇವ ಕ್ರೇನ್ ಹತ್ತಬಾರದು. ಅಷ್ಟ. ಯಾಕಂತ ಹೇಳೂದಿಲ್ಲ. ಆ ಮಾತು ನಿಂದು."

"ಮತ್ತ ನಾಳೆ?"

ಶರಣಪ್ಪ ಬೆಂಚಿಗೆ ವಾಪಸು ಹೋಗಿ ಕೂತರು. ಯಾದಯ್ಯ ಏನೋ ಕೇಳಿದ, ಇವರು ಕೈ ಬೀಸಿ ತಳ್ಳಿಹಾಕಿದರು. ಮುಕ್ಕಾಲು ಗಂಟೆ ನಾವು ಆ ಗೋಡೆಯ ಪಕ್ಕದಲ್ಲೇ ನಿಂತಿದ್ದೆವು. ಬಿಸಿಲು ಚುರುಗುಟ್ಟುತ್ತಿತ್ತು. ಒಂದೂ ಇಪ್ಪತ್ತಕ್ಕೆ ಅವರು ಎದ್ದು, ನಮ್ಮ ಕಡೆ ನೋಡದೆ, ಗೇಟಿನೊಳಗೆ ನಡೆದರು.

ಕಾರ್ಡು ಒತ್ತಿದರು. ಹೆಲ್ಮೆಟ್ ತೆಗೆದುಕೊಂಡರು. ಶೆಡ್ಡಿನ ಕಡೆ ತಿರುಗಿದರು. ಒಲೆಯಲ್ಲಿ ಕಬ್ಬಿಣ ಕರಗುತ್ತಿದ್ದ ಸದ್ದು ಅಲ್ಲಿಗೇ ಕೇಳುತ್ತಿತ್ತು. "ಹೋಗಿ ಏಣಿ ಹತ್ತತಾನ" ಎಂದು ಸರ್ ಓಡಿದಂತೆಯೇ ಸಿಬ್ಬಂದಿ ವಿಭಾಗದ ಕಡೆ ಹೋದರು. ನಾನು ಶರಣಪ್ಪನವರ ಹಿಂದೆ ಹೋದೆ. ಹೆಂಗಸರು ಶೆಡ್ಡಿನೊಳಗೆ ಬರುವ ಪರಿಪಾಠವಿಲ್ಲದ ಕಾರಣ ನಾಲ್ಕೈದು ಜನ ಕೆಲಸ ನಿಲ್ಲಿಸಿ ನೋಡಿದರು. ಹಾಗೆ ನೋಡಿದವರು ನಿಂತದ್ದು ಸರಿಯಾಗಿ ಹುಕ್ಕಿನ ದಾರಿಯ ಕೆಳಗೆ.

ಶರಣಪ್ಪ ಏಣಿಯ ಬುಡದಲ್ಲಿ ನಿಂತಿದ್ದರು. ಒಂದು ಕೈ ಏಣಿಯ ಮೇಲಿತ್ತು. ತರಬೇತಿಯಲ್ಲಿ ಕಲಿಸಿದ್ದ ಮಾತುಗಳಲ್ಲಿ ಒಂದೂ ಅಲ್ಲಿಗೆ ಹೊಂದುತ್ತಿರಲಿಲ್ಲ. ಕಾವಲುಗಾರ ಬಂದು ಸಾಹೇಬರು ಕರೆಯುತ್ತಾರೆಂದು ಹೇಳಿದಾಗ ಅವರು ಕೈ ತೆಗೆದರು.

ರಮಣಮೂರ್ತಿಯವರ ಕೋಣೆಯಲ್ಲಿ ಸರ್ ಆಗಲೇ ತಮ್ಮ ಒಂದು ಮಾತನ್ನು ಹೇಳಿದ್ದರು. ಗಡಿಯಾರದಲ್ಲಿ ಎರಡಕ್ಕೆ ಹದಿನೈದು ನಿಮಿಷ. ಅವರಿಬ್ಬರ ಮಾತು ಹಿಂದಿ ತೆಲುಗು ಬೆರೆಸಿ ನಡೆಯುತ್ತಿತ್ತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕುಲಕರ್ಣಿ ಗಾರು, ಒಲೆ ತುಂಬಿದೆ. ಕಾರಣ ಹೇಳದೆ ಕೆಲಸ ನಿಲ್ಲಿಸು ಅಂದರೆ ಹೇಗೆ?"

"ಅವರು ಇವತ್ತು ಕ್ರೇನ್ ಹತ್ತಬಾರದು. ಬರೆದೂ ಕೊಡುತ್ತೇನೆ. ಕಾರಣ ಮಾತ್ರ ಬರೆಯುವುದಿಲ್ಲ."

"ನಾನು ಮಾಲೀಕರಿಗೆ ಏನು ಹೇಳಲಿ? ಕುಲಕರ್ಣಿಯವರ ಮನಸ್ಸಿಗೆ ಬಂತು ಅಂತಲೇ?" ರಮಣಮೂರ್ತಿ ಶರಣಪ್ಪನವರ ಹತ್ತಿರ ಬಂದು ಮುಖದ ಬಳಿ ಮೂಸಿದರು. "ಪೀಕೆ ಆಯಾ ಕ್ಯಾ?" ಕುಡಿದು ಬಂದೆಯಾ ಎಂದರು.

"ನಹೀ ಸಾಬ್."

ಕಾವಲುಗಾರ ಉಸಿರು ಪರೀಕ್ಷಿಸುವ ಯಂತ್ರ ತಂದ. ಶರಣಪ್ಪ ಊದಿದರು. ಏನೂ ಬರಲಿಲ್ಲ. ಇನ್ನೊಂದು ಸಲ ಊದಿಸಿದರು. ಬಾಗಿಲಲ್ಲಿ ಟೈಮ್ ಆಫೀಸಿನ ಗುಮಾಸ್ತ ನಿಂತಿದ್ದ. ಅವನ ಹಿಂದೆ ಯಾದಯ್ಯ. ಅವನ ಹಿಂದೆ ಇನ್ನೂ ಮೂರು ನಾಲ್ಕು ಜನ.

"ಗಾಂಜಾ ಇದ್ದೀತು" ಎಂದ ಗುಮಾಸ್ತ ತೆಲುಗಿನಲ್ಲಿ. ಯಾರೋ ನಕ್ಕರು.

"ಯಾರ ಜೊತೆಯಾದರೂ ಹೊಡೆದಾಟವೇ? ಕಳ್ಳತನವೇ?" ರಮಣಮೂರ್ತಿ ಸರ್ ಕಡೆ ತಿರುಗಿದರು. "ನೀವು ಹೇಳದಿದ್ದರೆ ನಾನು ಏನಾದರೂ ಅಂದುಕೊಳ್ಳಲೇಬೇಕಲ್ಲ."

ಸರ್ ಇಲ್ಲವೆಂದು ತಲೆಯಾಡಿಸಿದರು. ಕೊಟ್ಟ ಮಾತಿನಲ್ಲಿ ಅರ್ಧವನ್ನಾದರೂ ಉಳಿಸಿಕೊಳ್ಳಬೇಕೆಂದು ಅವರ ಹಟ. ಆದರೆ ಆ ಹಟ ಶರಣಪ್ಪನವರನ್ನು ಕಾಪಾಡುತ್ತಿರಲಿಲ್ಲ. ನಾವು ಕಾರಣದ ಜಾಗವನ್ನು ಖಾಲಿ ಬಿಟ್ಟಿದ್ದೆವು. ಬಂದವರೆಲ್ಲ ತಮಗೆ ತೋಚಿದ್ದನ್ನು ಅದರಲ್ಲಿ ತುಂಬುತ್ತಿದ್ದರು. ಹನ್ನೆರಡು ವರ್ಷ ಮೇಲೆ ಕೂತ ಮನುಷ್ಯ ಹದಿನೈದು ನಿಮಿಷದಲ್ಲಿ ಕುಡುಕನಾದರು, ಗಾಂಜಾ ಸೇದುವವರಾದರು, ಕಳ್ಳರಾದರು.

ಶರಣಪ್ಪ ಸರ್ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟರು.

"ಮೇರೆಕು ಊಪರ್ ಹೋಶ್ ನಹೀ ರಹತಾ, ಸಾಬ್." ಮೇಲೆ ತನಗೆ ಎಚ್ಚರವಿರುವುದಿಲ್ಲ ಎಂದರು. "ಏಕ್ ಮಹೀನಾ ಹುವಾ. ಮೈ ಪೀತಾ ನಹೀ." ಒಂದು ತಿಂಗಳಾಯಿತು, ತಾನು ಕುಡಿಯುವವನಲ್ಲ ಎಂದರು.

ಬಾಗಿಲಲ್ಲಿದ್ದವರು ಯಾರೂ ನಗಲಿಲ್ಲ. ರಮಣಮೂರ್ತಿ ಕುರ್ಚಿಯಲ್ಲಿ ಕೂತರು. "ಇದು ಇನ್ನು ಯಾರಿಗೆ ಗೊತ್ತಿತ್ತು?" ಎಂದು ಕೇಳಿದರು. ಯಾದಯ್ಯ ನೆಲ ನೋಡುತ್ತಿದ್ದ.

"ಕಿಸೀಕು ನಹೀ" ಎಂದರು ಶರಣಪ್ಪ. ಯಾರಿಗೂ ಇಲ್ಲ.

ಅಂದಿನ ಎರಕ ನಿಂತಿತು.

ಆಸ್ಪತ್ರೆಯಲ್ಲಿ ಅದು ಮೂರ್ಛೆರೋಗದ ಒಂದು ಬಗೆ ಎಂದರು. ಬಿದ್ದು ಒದ್ದಾಡುವಂಥದ್ದಲ್ಲ, ಕೆಲವು ಕ್ಷಣ ಎಚ್ಚರ ತಪ್ಪುವಂಥದ್ದು. ಮಾತ್ರೆಗಳಿಂದ ಹತೋಟಿಗೆ ಬಂತು. ಆದರೆ ಎತ್ತರದ ಕೆಲಸ ಕೂಡದು ಎಂದು ಬರೆದುಕೊಟ್ಟರು. ಶರಣಪ್ಪನವರನ್ನು ಮರಳು ಜರಡಿ ಹಿಡಿಯುವ ಕಡೆ ಹಾಕಿದರು. ಅವರು ಹೇಳಿದ್ದಂತೆಯೇ ಹೆಲ್ಪರ್.

ಕುಲಕರ್ಣಿ ಸರ್ ನಡೆದದ್ದನ್ನೆಲ್ಲ ತಾವೇ ಬರೆದು ಕಚೇರಿಗೆ ಕೊಟ್ಟರು. ಆಮೇಲೆ ಮೂರು ತಿಂಗಳು ಆ ಕೋಣೆಯಲ್ಲಿ ನಾನು ಮೇಜಿನ ಮುಂದೆ, ಅವರು ಮೂಲೆಯಲ್ಲಿ. ಗುರುತು ಹಾಕುವ ಕೆಲಸ ಅವರದು. "ಪಟವಾರಿ, ನಾಲ್ಕೂ ಬಂದ್ವು" ಎಂದು ಕಾಗದ ಕೊಡುವಾಗ ಅವರು ನಗುತ್ತಿದ್ದರು. ಆ ನಗುವಿನಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

ನಾಲ್ಕನೇ ಮಾತನ್ನು ಕನ್ನಡದಲ್ಲಿ ಬರೆಯಲು ನನಗೆ ತಿಂಗಳು ಹಿಡಿಯಿತು. ಮೊದಲು ಬರೆದದ್ದರಲ್ಲಿ 'ಪ್ರಾಣಾಪಾಯದ ಸಂದರ್ಭದಲ್ಲಿ' ಎಂದಿತ್ತು. ಅದನ್ನು ಕೇಳಿದ ಯಾದಗಿರಿ ಕಡೆಯ ಒಬ್ಬ ಕಟ್ಟಡದ ಗೌಂಡಿ, "ಅಂದ್ರ ಪೊಲೀಸ್ರಿಗೆ ಹೇಳ್ತೀರೇನ್ರಿ?" ಎಂದು ಎದ್ದೇಬಿಟ್ಟ. ಕೊನೆಗೆ ಉಳಿದದ್ದು ಇದು: "ನಿಮ್ಮ ಜೀವಕ್ಕ, ಇಲ್ಲಾ ಇನ್ನೊಬ್ಬರ ಜೀವಕ್ಕ ಕುತ್ತು ಬರೂ ಮಾತಿದ್ರ ನಾ ಸುಮ್ಮ ಕೂಡಾಕ ಆಗೂದಿಲ್ಲ. ಯಾರಿಗೆ ಹೇಳಬೇಕು, ಏನಂತ ಹೇಳಬೇಕು ಅನ್ನೂದನ್ನ ಮೊದಲ ನಿಮ್ಮ ಕೂಡ ಕೂತು ಮಾತಾಡ್ತೀನಿ." ಏನಂತ ಹೇಳಬೇಕು ಎಂಬ ತುಣುಕು ರಮಣಮೂರ್ತಿಯವರ ಕೋಣೆಯಲ್ಲಿ ಕಲಿತದ್ದು. ಹೊಸಬರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ: ಗುಟ್ಟನ್ನು ಕಾಯುವುದೆಂದರೆ ಬಾಯಿ ಮುಚ್ಚಿ ನಿಲ್ಲುವುದಷ್ಟೇ ಅಲ್ಲ. ಹೊರಗೆ ಯಾವ ಮಾತು ಹೋಗಲಿ ಎಂಬುದನ್ನು ಆ ಮನುಷ್ಯನೇ ಗೊತ್ತುಮಾಡಬೇಕು, ಅದೂ ನಾಲ್ಕು ಜನರ ಮುಂದೆ ನಿಲ್ಲುವ ಮೊದಲು.

ಶರಣಪ್ಪನವರಿಗೆ ಇನ್ನೂ ಐದು ಭೇಟಿ ಉಳಿದಿದ್ದವು. ಬರಲಾರರು ಎಂದುಕೊಂಡಿದ್ದೆ. ಬಂದರು. ಮೊದಲೆರಡು ಸಲ ಚಹಾ ಕುಡಿದು ಹೋದರು. ಮೂರನೇ ಸಲ, ಕೈಗೆ ಮೆತ್ತಿದ್ದ ಮರಳು ಒರೆಸಿಕೊಳ್ಳುತ್ತ ಕೇಳಿದರು:

"ಅಕ್ಕಾರ, ನಿಮ್ಮ ನಾಕನೇದು ಈಗ ಎಲ್ಲಾರಿಗೂ ಮೊದಲ ಹೇಳಾಕತ್ತೀರಿ?"

"ಹೇಳುತ್ತೇನೆ."

"ಹೇಳ್ರಿ, ಹೇಳಬೇಕು."

"ಅಂದು ಮೊದಲೇ ಹೇಳಿದ್ದರೆ ನೀವು ನಿಮ್ಮ ಮಾತು ಹೇಳುತ್ತಿದ್ದಿರಾ?"

"ಇಲ್ರಿ. ಚಾ ಕುಡದು ಹೋಗಿ ಏಣಿ ಹತ್ತತಿದ್ದೆ." ಲೋಟ ಕೆಳಗಿಟ್ಟರು. "ಆದ್ರೂ ಮೊದಲ ಹೇಳ್ರಿ."

ಈ ಎರಡು ವಾಕ್ಯಗಳ ನಡುವೆ ನಾನು ಆರು ವರ್ಷ ಕೆಲಸ ಮಾಡಿದೆ. ನನ್ನ ಎಣಿಕೆಯಲ್ಲಿ, ನಾಲ್ಕನೇ ಮಾತು ಕೇಳಿದ ಕೂಡಲೇ ಎದ್ದು ಹೋದವರು ಹನ್ನೊಂದು ಜನ. ಒಬ್ಬ ಲಾರಿ ಚಾಲಕ, ಒಬ್ಬ ನರ್ಸು, ಬಾಯ್ಲರ್ ನೋಡಿಕೊಳ್ಳುವ ಒಬ್ಬ, ಹೀಗೆ. ಅವರು ಹೇಳಬೇಕೆಂದಿದ್ದು ಏನೆಂದು ನನಗೆ ಗೊತ್ತಿಲ್ಲ. ಅವರ ಕೈಯ ಕೆಳಗೆ ಯಾರು ನಿಂತಿದ್ದರೋ ಅದೂ ಗೊತ್ತಿಲ್ಲ. ಅವರು ಎದ್ದು ಹೋದದ್ದು ನಾಲ್ಕನೇ ಮಾತಿಗೆ ಹೆದರಿ ಅಲ್ಲ, ಅದರ ಮುಂದಿನದಕ್ಕೆ ಹೆದರಿ ಎಂದು ಈಗ ಅನ್ನಿಸುತ್ತದೆ. ಹೇಳಿದ ಮೇಲೆ ನನ್ನ ಗತಿ ಏನು ಎಂಬ ಪ್ರಶ್ನೆಗೆ ನಮ್ಮ ನಾಲ್ಕು ಮಾತುಗಳಲ್ಲಿ ಉತ್ತರವಿಲ್ಲ.

ಶರಣಪ್ಪ ಎಂಟು ತಿಂಗಳು ಮರಳಿನ ಕಡೆ ದುಡಿದು ಕಾರ್ಖಾನೆ ಬಿಟ್ಟರು. ಈಗ ಸಿಕಂದರಾಬಾದಿನ ಒಂದು ಗೋದಾಮಿನಲ್ಲಿ ಕಾವಲು. ಮಾತ್ರೆ ತಪ್ಪಿಸಿಲ್ಲ, ಎಚ್ಚರ ತಪ್ಪಿಲ್ಲ. ಇದನ್ನು ಬರೆಯಲೇ ಎಂದು ಫೋನು ಮಾಡಿ ಕೇಳಿದೆ. ಹೆಸರುಗಳನ್ನೂ ಊರನ್ನೂ ಬದಲಿಸುತ್ತೇನೆ ಎಂದೆ, ಬದಲಿಸಿದ್ದೇನೆ.

"ಬರೀರಿ ಅಕ್ಕಾರ. ಆದ್ರ 'ಪಾಪ, ಅವ ಹಿಂಗಾದ' ಅಂತ ಬರದು ಮುಗಸಬ್ಯಾಡ್ರಿ. ಒಂದು ಕೇಳ್ರಿ. ಖರೇ ಹೇಳಿದವನ್ನ ಕೆಳಗ ಇಳಿಸಿ, ಮತ್ತ ಅಷ್ಟ ಮರ್ಯಾದಿ ಇರೂ ಕೆಲಸ ಕೊಟ್ಟ ಕಾರ್ಖಾನೆ ಎಲ್ಲೆರೆ ಐತೇನು? ನಾ ಇದ್ದಲ್ಲಿ ಇರಲಿಲ್ಲ. ಬ್ಯಾರೆ ಕಡೆ ಇದ್ದೀತು."

ಆದ್ದರಿಂದ ಕೇಳುತ್ತಿದ್ದೇನೆ. ಕ್ರೇನಿನಿಂದಲೋ, ಬಾಯ್ಲರಿನಿಂದಲೋ, ಲಾರಿಯಿಂದಲೋ ಕಾಯಿಲೆಯ ಕಾರಣಕ್ಕೆ ಇಳಿಸಿದವರಿಗೆ ಸರಿಸಮನಾದ ಕೆಲಸ ಕೊಟ್ಟ ಒಂದೇ ಒಂದು ಕಾರ್ಖಾನೆ ನಿಮಗೆ ಗೊತ್ತಿದ್ದರೆ, ಅಲ್ಲಿ ಅದನ್ನು ಹೇಗೆ ಮಾಡಿದರು, ಯಾರು ಒಪ್ಪಿಸಿದರು ಎಂಬುದನ್ನು ಈ ಪುಸ್ತಕ ಹೊರತಂದವರ ವಿಳಾಸಕ್ಕೆ ಬರೆಯಿರಿ. ಆ ಕೋಣೆಯಲ್ಲಿ ಈಗ ನನ್ನ ಜಾಗಕ್ಕೆ ಬಂದಿರುವ ಹುಡುಗಿಯ ಮುಂದೆ ನಾಳೆಯೂ ಯಾರೋ ಒಬ್ಬರು ಚಹಾ ಹಿಡಿದು ಕೂರುತ್ತಾರೆ. ನಾಲ್ಕನೇ ಮಾತಿನ ನಂತರ ಅವರು ಎದ್ದು ಹೋಗದಂತೆ ಹೇಳಬಹುದಾದ ಐದನೆಯ ಮಾತೊಂದು ಅವಳಿಗೆ ಬೇಕು. ಅದು ನಿಜವಾದದ್ದಾಗಿರಬೇಕು.